ತೋಟದ ಮನೆಯ ಕಾವಲುಗಾರನೂ ಉಣ್ಣಿಜ್ವರವೂ

ಮನುಷ್ಯನು ಪಳಗಿಸಿದ ಪ್ರಾಣಿಗಳಲ್ಲಿ ನಾಯಿಯೇ ಮೊದಲನೆಯದೆಂದು ಪ್ರಾಣಿಶಾಸ್ತ್ರಜ್ಞರು ಹೇಳುತ್ತಾರೆ. ಹಸು, ಕುರಿ, ಕುದುರೆಗಳು ಅವನ ಹಟ್ಟಿಯನ್ನು ಸೇರುವುದಕ್ಕೆ ಸಾವಿರಾರು ವರ್ಷಗಳ ಮೊದಲೇ ನಾಯಿಯು ಅವನ ಬೆಂಕಿಯ ಬದಿಗೆ ಬಂದು ಮಲಗಿತ್ತು. ಈ ಸಖ್ಯಕ್ಕೆ ಕನ್ನಡ ನಾಡಿನಲ್ಲಿ ಕಲ್ಲಿನಲ್ಲಿ ಕೊರೆದ ಸಾಕ್ಷ್ಯವೇ ಉಂಟು. ಗಂಗ ದೊರೆ ಬೂತುಗನ ಸೇವಕನಾದ ಮಣಲೇರನ ಬೇಟೆನಾಯಿ ಕಾಳಿಯು ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಮಡಿದ ಸಂಗತಿಯನ್ನು ಕ್ರಿ.ಶ. 949ರ ಸುಮಾರಿನ ಆತಕೂರಿನ ಶಾಸನವು ಹೇಳುತ್ತದೆ. ಒಂದು ನಾಯಿಯ ನೆನಪಿಗಾಗಿ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನು ಬಿಟ್ಟುಕೊಟ್ಟವರು ನಮ್ಮ ಪೂರ್ವಿಕರು.

ಕಾಳಿಯ ಶತ್ರು ಕಣ್ಣೆದುರಿಗೆ ನಿಂತು ಕಾದಾಡಿದಂಥದು. ಇಂದು ನಮ್ಮ ಮನೆಗಳ ನಾಯಿಗಳನ್ನು ಬಲಿ ತೆಗೆದುಕೊಳ್ಳುವ ಒಂದು ಶತ್ರು ಎಳ್ಳಿನ ಕಾಳಿಗಿಂತ ಚಿಕ್ಕದಾಗಿ ಹುಟ್ಟಿ, ಗೋಡೆಯ ಬಿರುಕಿನಲ್ಲಿ ಬೆಳೆದು, ತನ್ನ ಕೆಲಸ ಮುಗಿದ ಎಷ್ಟೋ ತಿಂಗಳುಗಳ ಅನಂತರ ಪ್ರಾಣಿಯನ್ನು ಕೆಡವುತ್ತದೆ. ಉಣ್ಣಿಯ ಮೂಲಕ ನಾಯಿಗೆ ತಗಲುವ ಬ್ಯಾಕ್ಟೀರಿಯಾ ಜ್ವರದ ವಿಷಯವಾಗಿ, ವೇಣೂರಿನಂಥ ತೋಟದ ಸೀಮೆಯನ್ನು ಕಣ್ಣೆದುರಿಗೆ ಇಟ್ಟುಕೊಂಡು, ಕೆಲವು ಮಾತುಗಳನ್ನು ಇಲ್ಲಿ ವಿಚಾರಿಸೋಣ.

ವೇಣೂರು ಮತ್ತು ಅಲ್ಲಿನ ನಾಯಿ

ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲೂಕಿಗೆ ಸೇರಿದ ವೇಣೂರು ಫಲ್ಗುಣಿ ನದಿಯ ದಡದಲ್ಲಿದೆ. 1604ರಲ್ಲಿ ಅಜಿಲ ಅರಸುಮನೆತನದ ತಿಮ್ಮಣ್ಣ ಅಜಿಲನು ನಿಲ್ಲಿಸಿದ ಏಕಶಿಲಾ ಬಾಹುಬಲಿ ಮೂರ್ತಿಯಿಂದ ಈ ಊರು ನಾಡಿಗೆಲ್ಲ ಪರಿಚಿತವಾಗಿದೆ. 2024ರಲ್ಲಿ ಅಲ್ಲಿ ನಡೆದ ಮಹಾಮಸ್ತಕಾಭಿಷೇಕವನ್ನು ಕಾಣಲು ಹೋದವರಲ್ಲಿ ಬಯಲುಸೀಮೆಯ ಯಾತ್ರಿಕರೂ ಇದ್ದರು. ಅವರಲ್ಲಿ ಕಣ್ಣು ತೆರೆದು ನೋಡಿದವರಿಗೆ ಒಂದು ಸಂಗತಿ ಹೊಳೆದಿರಬೇಕು. ಬಯಲುಸೀಮೆಯಂತೆ ಅಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡು ಊರಾಗಿ ನಿಲ್ಲುವುದಿಲ್ಲ. ಒಂದೊಂದು ಮನೆಯೂ ತನ್ನ ಅಡಿಕೆ ತೆಂಗುಗಳ ತೋಟದ ನಡುವೆ, ಗುಡ್ಡದ ಮಗ್ಗುಲಲ್ಲಿ, ನೆರೆಮನೆಯ ಕೂಗು ಕೇಳಿಯೂ ಕೇಳದಷ್ಟು ದೂರದಲ್ಲಿರುತ್ತದೆ.

ಇಂಥ ಒಂಟಿ ಮನೆಗೆ ನಾಯಿಯೇ ಕಾವಲು. ಕೊಯ್ದ ಅಡಿಕೆ ಅಂಗಳದಲ್ಲಿ ಹರಡಿ ವಾರಗಟ್ಟಲೆ ಒಣಗುವ ಕಾಲದಲ್ಲಿ ರಾತ್ರಿಯ ನಿದ್ದೆಯನ್ನು ಮನೆಯವರು ನಾಯಿಯ ಕಿವಿಯನ್ನು ನಂಬಿಯೇ ಮಾಡುತ್ತಾರೆ. ತೋಟಕ್ಕೆ ನುಗ್ಗುವ ಹಂದಿ, ಎಳನೀರಿಗೆ ಬರುವ ಮಂಗ, ಕೋಳಿಗೂಡಿಗೆ ಬರುವ ನರಿ, ಹೊತ್ತಲ್ಲದ ಹೊತ್ತಿನಲ್ಲಿ ಬರುವ ಅಪರಿಚಿತ, ಇವರೆಲ್ಲರ ಸುಳಿವನ್ನು ಮೊದಲು ಕೊಡುವುದು ಅದೇ. ಆದುದರಿಂದ ಅಲ್ಲಿ ನಾಯಿಯ ಸಾವು ಒಂದು ಸಾಕುಪ್ರಾಣಿಯ ಸಾವಾಗಿ ಮುಗಿಯುವುದಿಲ್ಲ. ಆ ಮನೆಯ ಒಂದು ಬಾಗಿಲೇ ಕಳಚಿದಂತಾಗುತ್ತದೆ.

ಹೀಗಿರಲು, ಚೆನ್ನಾಗಿ ಓಡಾಡಿಕೊಂಡಿದ್ದ ನಾಯಿಯೊಂದು ಒಂದು ಮುಂಜಾನೆ ಮೂಗಿನಿಂದ ರಕ್ತ ಸುರಿಸುತ್ತ ಅಂಗಳದ ಮೂಲೆಯಲ್ಲಿ ಬಿದ್ದಿದ್ದರೆ ಮನೆಯವರ ಮನಸ್ಸು ಎತ್ತ ಹರಿಯುತ್ತದೆ? ಹಾವು ಕಡಿದಿರಬೇಕು ಎಂಬುದು ಮೊದಲ ಊಹೆ. ತೋಡಿನ ನೀರು ಕುಡಿಯುವಾಗ ಮೂಗಿಗೆ ಜಿಗಣೆ ಹೊಕ್ಕಿರಬೇಕು ಎಂಬುದು ಎರಡನೆಯದು. ಮೂರನೆಯ ಊಹೆ ಅಪಾಯಕರವಾದುದು: ಯಾರೋ ವಿಷ ಇಟ್ಟಿದ್ದಾರೆ! ಗಡಿಯ ಬೇಲಿಯ ವಿಷಯದಲ್ಲೋ ನೀರಿನ ಪಾಲಿನ ವಿಷಯದಲ್ಲೋ ಹಿಂದೆ ಮಾತು ಬೆಳೆದಿದ್ದ ನೆರೆಯವನ ಮುಖವು ಆ ಕ್ಷಣದಲ್ಲಿ ಕಣ್ಣಿಗೆ ಕಟ್ಟುತ್ತದೆ. ಈ ಮೂರೂ ಕಾರಣಗಳು ಸಂಭವನೀಯವೇ. ಹಾವಿನ ವಿಷವೂ, ಮೂಗಿನ ಜಿಗಣೆಯೂ, ಇಲಿ ಪಾಷಾಣವೂ ರಕ್ತ ಸುರಿಯುವಂತೆ ಮಾಡಬಲ್ಲವು. ಆದರೆ ಮೂರರಲ್ಲಿಯೂ ಕಾರಣವನ್ನು ಹುಡುಕುವುದು ನಿನ್ನೆ ಮೊನ್ನೆಯ ದಿನಗಳಲ್ಲಿ. ಉಣ್ಣಿಜ್ವರದ ಕಾರಣವಾದರೋ ಹಿಂದಿನ ಮಳೆಗಾಲದಲ್ಲಿಯೋ ಅದಕ್ಕೂ ಹಿಂದೆಯೋ ಇರಬಹುದು. ಈ ಒಂದು ಅಂಶವನ್ನು ತಿಳಿದುಕೊಂಡರೆ ಎಷ್ಟೋ ನಾಯಿಗಳು ಬದುಕಿಯಾವು. ಎಷ್ಟೋ ನೆರೆಹೊರೆಯ ಸ್ನೇಹಗಳೂ ಉಳಿದಾವು.

ಉಣ್ಣಿಯ ಜೀವನಕ್ರಮ

ಉಣ್ಣಿ, ಉಣುಗು ಎಂದು ನಾವು ಕರೆಯುವ ಜೀವಿ ಕೀಟವಲ್ಲ. ಎಂಟು ಕಾಲುಗಳುಳ್ಳ ಅದು ಜೇಡ ಚೇಳುಗಳ ದಾಯಾದಿ. ಉಣ್ಣಿಗಳಲ್ಲಿ ನೂರಾರು ಜಾತಿಗಳಿವೆ; ಒಂದೊಂದರ ನಡೆಯೂ ಬೇರೆ. ದನದ ಮೈಮೇಲೆ ಸಾಮಾನ್ಯವಾಗಿ ಕಾಣುವ ಉಣ್ಣಿಯು ಮರಿಯಾಗಿ ಹತ್ತಿದ ದನದ ಮೇಲೆಯೇ ಬೆಳೆದು, ಮೊಟ್ಟೆಯಿಡುವುದಕ್ಕೆ ಮಾತ್ರ ನೆಲಕ್ಕೆ ಇಳಿಯುತ್ತದೆ. ನಾಯಿಯ ಕಂದು ಉಣ್ಣಿಯ ರೀತಿ ಹಾಗಲ್ಲ. ಶಾಸ್ತ್ರಜ್ಞರು ಬಹುಕಾಲ ಇದನ್ನು ರಿಪಿಸೆಫಾಲಸ್ ಸಾಂಗ್ವಿನಿಯಸ್ ಎಂಬ ಒಂದೇ ಹೆಸರಿನಿಂದ ಕರೆದರು. ಉಷ್ಣವಲಯದ ಬಗೆಯು ಬೇರೆಯೇ ಜಾತಿಯೆಂದು ಈಚೆಗೆ ತಿಳಿದು, 2021ರಿಂದ ಅದಕ್ಕೆ ರಿಪಿಸೆಫಾಲಸ್ ಲಿನ್ನೇಯಿ ಎಂಬ ಹೆಸರು ಬಳಕೆಗೆ ಬಂದಿದೆ.

ಈ ಕಂದು ಉಣ್ಣಿಯು ತನ್ನ ಬಾಳಿನಲ್ಲಿ ಮೂರು ಬಾರಿ ಮಾತ್ರ ಉಣ್ಣುತ್ತದೆ. ಮೊಟ್ಟೆಯಿಂದ ಹೊರಬಂದ ಆರು ಕಾಲಿನ ಮರಿ ನಾಯಿಯನ್ನು ಹತ್ತಿ ಕೆಲವು ದಿನ ರಕ್ತ ಹೀರಿ ಕೆಳಗೆ ಬೀಳುತ್ತದೆ. ಪೊರೆ ಕಳಚಿ ಎಂಟು ಕಾಲಿನ ಎಳೆಯ ಉಣ್ಣಿಯಾಗುತ್ತದೆ. ಅದು ಮತ್ತೆ ನಾಯಿಯನ್ನು ಹತ್ತಿ, ಉಂಡು, ಬಿದ್ದು, ಪೊರೆ ಕಳಚಿ ಬಲಿತ ಉಣ್ಣಿಯಾಗುತ್ತದೆ. ಬಲಿತ ಹೆಣ್ಣು ಮೂರನೆಯ ಬಾರಿ ಹತ್ತಿ, ಒಂದರಿಂದ ಮೂರು ವಾರ ರಕ್ತ ಹೀರಿ, ಹರಳುಬೀಜದಂತೆ ಉಬ್ಬಿ ಕೆಳಗೆ ಬಿದ್ದು, ಮರೆಯಾದ ಸ್ಥಳವನ್ನು ಹುಡುಕಿ ಸಾವಿರಾರು ಮೊಟ್ಟೆಗಳನ್ನಿಟ್ಟು ಸಾಯುತ್ತದೆ. ಒಂದು ಹೆಣ್ಣು 4000ದವರೆಗೆ ಮೊಟ್ಟೆ ಇಡುವುದುಂಟು. ನೂರಕ್ಕೆ ಒಂದೇ ಉಳಿದರೂ ನಲವತ್ತು ಉಣ್ಣಿಗಳಾದವು. ಬೆಚ್ಚನೆಯ ಹವೆಯಲ್ಲಿ ಈ ಚಕ್ರ ಎರಡು ಮೂರು ತಿಂಗಳಿನಲ್ಲಿ ಒಮ್ಮೆ ಸುತ್ತಿ ಬರುತ್ತದೆ. ಚಳಿಯ ದೇಶಗಳಲ್ಲಿ ಹಿಮಗಾಲವು ಇದಕ್ಕೆ ತಡೆ ಒಡ್ಡುತ್ತದೆ. ನಮ್ಮ ಕರಾವಳಿಯಲ್ಲಿ ಅಂಥ ತಡೆ ಇಲ್ಲ.

ಇದರಿಂದ ತಿಳಿಯಬೇಕಾದ ಮುಖ್ಯ ಮಾತು ಒಂದುಂಟು. ಈ ಉಣ್ಣಿ ತನ್ನ ಆಯುಷ್ಯದ ಬಹುಭಾಗವನ್ನು ಕಳೆಯುವುದು ನಾಯಿಯ ಮೈಯಿಂದ ಹೊರಗೆ. ಗೋಡೆಯನ್ನು ಹತ್ತುವುದು ಇದರ ಸ್ವಭಾವ. ತುಳುನಾಡಿನ ಹಳೆಯ ಮನೆ, ಹಟ್ಟಿ, ಸೌದೆಕೊಟ್ಟಿಗೆಗಳ ಗೋಡೆಗಳು ಮುರಕಲ್ಲಿನವು. ಗಾರೆ ಮಾಡದ ಮುರಕಲ್ಲಿನ ಮೈತುಂಬ ಸಣ್ಣ ಸಣ್ಣ ತೂತುಗಳು. ಉಣ್ಣಿಗೆ ಇದಕ್ಕಿಂತ ಅನುಕೂಲವಾದ ವಸತಿ ಬೇರೊಂದಿಲ್ಲ. ಹಗಲೆಲ್ಲ ಸರಪಳಿಯಲ್ಲಿ ಕಟ್ಟಿಹಾಕಿದ ನಾಯಿ ಅಂಥ ಗೋಡೆಯ ಬುಡದಲ್ಲಿ, ಹಳೆಯ ಗೋಣಿಯ ಮೇಲೆ ಮಲಗುತ್ತದೆ. ಉಣ್ಣಿಗೆ ಊಟವೂ ಮನೆಯೂ ಒಂದೇ ಕಡೆ ಒದಗಿದಂತಾಯಿತು. ಬಲಿತ ಉಣ್ಣಿ ಊಟವಿಲ್ಲದೆ ಒಂದು ವರ್ಷಕ್ಕೂ ಮೇಲ್ಪಟ್ಟು ಬದುಕಿರಬಲ್ಲದು. ಹಳೆಯ ನಾಯಿ ಸತ್ತು ಬಹುದಿನವಾದ ಮೇಲೆ ತಂದ ಹೊಸ ಮರಿಗೂ ಅದೇ ಜಾಗದಲ್ಲಿ ಉಣ್ಣಿ ಹತ್ತುವುದಕ್ಕೆ ಕಾರಣ ಇದೇ.

ರೋಗಾಣುವಿನ ಪರಿಚಯ

1935ರಲ್ಲಿ ಉತ್ತರ ಆಫ್ರಿಕದ ಅಲ್ಜೀರಿಯದಲ್ಲಿ, ಅಲ್ಲಿನ ಪಾಶ್ಚರ್ ಸಂಸ್ಥೆಯ ಡೊನಾಟಿಯೆನ್ ಮತ್ತು ಲೆಸ್ತೊಕಾರ್ ಎಂಬ ವಿಜ್ಞಾನಿಗಳು ಉಣ್ಣಿ ಮುತ್ತಿದ ನಾಯಿಗಳು ಜ್ವರದಿಂದ ನರಳುವುದನ್ನು ಕಂಡು ಅವುಗಳ ರಕ್ತವನ್ನು ಪರೀಕ್ಷಿಸಿದರು. ಬಿಳಿಯ ರಕ್ತಕಣಗಳ ಒಳಗೆ ಗೊಂಚಲು ಗೊಂಚಲಾಗಿ ಕುಳಿತ ಅತಿ ಸೂಕ್ಷ್ಮವಾದ ಬ್ಯಾಕ್ಟೀರಿಯಾಗಳು ಅವರಿಗೆ ಕಂಡುಬಂದವು. ರಕ್ತಕಣಗಳಿಗೆ ಬಣ್ಣ ಕಟ್ಟಿ ಅವುಗಳ ಭೇದಗಳನ್ನು ತೋರಿಸಿಕೊಟ್ಟ ಜರ್ಮನಿಯ ಮಹಾವಿಜ್ಞಾನಿ ಪಾಲ್ ಎರ್ಲಿಕ್ ಅವರ ಗೌರವಾರ್ಥವಾಗಿ ಈ ರೋಗಾಣುವಿಗೆ ಮುಂದೆ ಎರ್ಲಿಕಿಯ ಕ್ಯಾನಿಸ್ ಎಂಬ ಹೆಸರು ಬಂತು. ಭಾರತದಲ್ಲಿ ಈ ರೋಗವು 1940ರ ದಶಕದಲ್ಲಿಯೇ ಮದ್ರಾಸಿನಿಂದ ವರದಿಯಾಯಿತು.

ಸಾಮಾನ್ಯವಾಗಿ ಬಿಳಿಯ ರಕ್ತಕಣವೆಂದರೆ ದೇಹದ ಸೈನಿಕ. ಒಳಹೊಕ್ಕ ರೋಗಾಣುವನ್ನು ನುಂಗಿ ಜೀರ್ಣಿಸುವುದು ಅದರ ಧರ್ಮ. ಎರ್ಲಿಕಿಯವು ಆ ಸೈನಿಕನ ಹೊಟ್ಟೆಯೊಳಗೇ ಮನೆ ಮಾಡುತ್ತದೆ. ನುಂಗಿದ ಕಣವು ಅದನ್ನು ಜೀರ್ಣಿಸಲಾರದೆ ಹೋಗುತ್ತದೆ. ರೋಗಾಣು ಅಲ್ಲಿಯೇ ಹೆಚ್ಚಿ, ಅದೇ ಕಣದ ಮೇಲೇರಿ ಗುಲ್ಮ, ಯಕೃತ್ತು, ದುಗ್ಧಗ್ರಂಥಿಗಳಿಗೆ ಪಯಣ ಮಾಡುತ್ತದೆ.

ಇದು ಉಣ್ಣಿಯಲ್ಲಿ ತಾಯಿಯಿಂದ ಮೊಟ್ಟೆಗೆ ಇಳಿಯುವುದಿಲ್ಲ. ಮೊಟ್ಟೆಯಿಂದ ಹೊರಬಂದ ಮರಿ ಉಣ್ಣಿ ನಿರ್ದೋಷಿ. ಅದು ರೋಗವಿರುವ ನಾಯಿಯ ರಕ್ತವನ್ನು ಹೀರಿದಾಗ ರೋಗಾಣುವನ್ನು ಪಡೆಯುತ್ತದೆ. ಮುಂದಿನ ಹಂತಕ್ಕೆ ಬೆಳೆದು ಮತ್ತೊಂದು ನಾಯಿಯನ್ನು ಹತ್ತಿದಾಗ ಅದನ್ನು ದಾಟಿಸುತ್ತದೆ. ಹೀಗೆ ನಾಯಿಯಿಂದ ಉಣ್ಣಿಗೆ, ಉಣ್ಣಿಯಿಂದ ನಾಯಿಗೆ ಈ ಸರಪಳಿ ನಡೆಯುತ್ತದೆ. ಉಣ್ಣಿ ಕಚ್ಚಿದ ಮೂರು ಗಂಟೆಗಳೊಳಗೇ ರೋಗಾಣು ನಾಯಿಯ ಮೈಯನ್ನು ಹೊಗಬಲ್ಲದೆಂದು ಪ್ರಯೋಗಗಳಿಂದ ತಿಳಿದುಬಂದಿದೆ. ಸಂಜೆಗೊಮ್ಮೆ ಉಣ್ಣಿ ಆರಿಸಿದರೆ ಸಾಕೆಂಬ ಸಮಾಧಾನಕ್ಕೆ ಇದರಿಂದ ಎಡೆ ಉಳಿಯುವುದಿಲ್ಲ.

ರೋಗದ ಮೂರು ಅವಸ್ಥೆಗಳು

ಉಣ್ಣಿ ಕಚ್ಚಿದ 8ರಿಂದ 20 ದಿನಗಳಲ್ಲಿ ಮೊದಲ ಅವಸ್ಥೆ ತೊಡಗುತ್ತದೆ. ನಾಯಿಯ ಸಹಜ ಉಷ್ಣತೆ ಫ್ಯಾರನ್‌ಹೀಟ್ ಮಾಪನದಲ್ಲಿ 101ರಿಂದ 102.5 ಡಿಗ್ರಿ. ಅದು 104, 105ಕ್ಕೆ ಏರುತ್ತದೆ. ನಾಯಿ ಅನ್ನವನ್ನು ಮೂಸಿ ಬಿಡುತ್ತದೆ. ಕರೆದರೆ ಬಾಲ ಅಲ್ಲಾಡಿಸಿ ಅಲ್ಲಿಯೇ ಮಲಗುತ್ತದೆ. ಕಣ್ಣು ಮೂಗುಗಳಿಂದ ನೀರು ಒಸರುತ್ತದೆ. ಗಂಟಲ ಕೆಳಗಿನ ಮತ್ತು ಮೊಣಕಾಲ ಹಿಂದಿನ ಗ್ರಂಥಿಗಳು ಬಾತುಕೊಳ್ಳುತ್ತವೆ. ರಕ್ತವನ್ನು ಹೆಪ್ಪುಗಟ್ಟಿಸುವ ಕಿರುಬಿಲ್ಲೆಗಳು, ಅಂದರೆ ಪ್ಲೇಟ್‌ಲೆಟ್‌ಗಳು, ಈ ವೇಳೆಗೆ ಕಡಿಮೆಯಾಗತೊಡಗುತ್ತವೆ. ಆರೋಗ್ಯವಂತ ನಾಯಿಯ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಇವು ಸುಮಾರು 2ರಿಂದ 5 ಲಕ್ಷ ಇರುತ್ತವೆ. ರೋಗಿಯಲ್ಲಿ ಒಂದು ಲಕ್ಷಕ್ಕೂ ಕೆಳಗೆ ಇಳಿಯುವುದುಂಟು. ಈ ಅವಸ್ಥೆ ಎರಡರಿಂದ ನಾಲ್ಕು ವಾರ ಇದ್ದು, ಅನೇಕ ಸಲ ತಾನಾಗಿಯೇ ಇಳಿಯುತ್ತದೆ.

ಇಲ್ಲಿಯೇ ನಾವು ಮೋಸಹೋಗುವುದು. ನಾಯಿ ಎದ್ದಿತು, ಉಂಡಿತು, ಬೊಗಳಿತು. ಜ್ವರ ಬಿಟ್ಟಿತೆಂದು ಮನೆಯವರು ಮರೆತುಬಿಡುತ್ತಾರೆ. ರೋಗವಾದರೋ ಎರಡನೆಯ ಅವಸ್ಥೆಯನ್ನು ಹೊಕ್ಕಿರುತ್ತದೆ. ಇದು ಮೌನದ ಅವಸ್ಥೆ. ಹೊರಗೆ ಯಾವ ಲಕ್ಷಣವೂ ಇಲ್ಲ. ಒಳಗೆ, ವಿಶೇಷವಾಗಿ ಗುಲ್ಮದಲ್ಲಿ, ರೋಗಾಣು ಅಡಗಿರುತ್ತದೆ. ಈ ಮೌನ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆಯುತ್ತದೆ. ಕೆಲವು ನಾಯಿಗಳು ತಮ್ಮ ದೇಹಶಕ್ತಿಯಿಂದಲೇ ರೋಗಾಣುವನ್ನು ಹೊರದೂಡಿ ಗುಣವಾಗುವುದೂ ಉಂಟು.

ಗುಣವಾಗದ ನಾಯಿಗಳಲ್ಲಿ ಕೆಲವಕ್ಕೆ ಮೂರನೆಯ ಅವಸ್ಥೆ ಬರುತ್ತದೆ. ಆಗ ಕೆಡುವುದು ರಕ್ತವನ್ನು ಹುಟ್ಟಿಸುವ ಮೂಲಸ್ಥಾನವಾದ ಅಸ್ಥಿಮಜ್ಜೆ. ಕೆಂಪು ಕಣ, ಬಿಳಿಯ ಕಣ, ಕಿರುಬಿಲ್ಲೆ ಮೂರೂ ಒಟ್ಟಿಗೆ ಬತ್ತುತ್ತವೆ. ಒಸಡು ಬಿಳಿಚಿಕೊಳ್ಳುತ್ತದೆ, ಹೊಟ್ಟೆಯ ಚರ್ಮದ ಮೇಲೆ ನೇರಿಳೆಯ ಚುಕ್ಕೆಗಳೇಳುತ್ತವೆ, ಮೂಗಿನಿಂದ ರಕ್ತ ಬರುತ್ತದೆ, ಕಾಲು ಬಾಯುತ್ತದೆ, ಕಣ್ಣು ಮಸುಕಾಗಿ ಕುರುಡಾಗುವುದೂ ಉಂಟು. ಈ ಹಂತಕ್ಕೆ ಬಂದ ಪ್ರಾಣಿಯನ್ನು ಉಳಿಸುವುದು ಬಲು ಕಷ್ಟ. ಜರ್ಮನ್ ಶೆಫರ್ಡ್ ತಳಿಯ ನಾಯಿಗಳಲ್ಲಿ ಇದರ ಉಗ್ರತೆ ಹೆಚ್ಚು.

ಇದನ್ನು ಜಗತ್ತು ಕಠೋರವಾದ ರೀತಿಯಲ್ಲಿ ಕಲಿಯಿತು. 1960ರ ದಶಕದ ಕೊನೆಯಲ್ಲಿ ವಿಯೆಟ್ನಾಂ ಯುದ್ಧಕ್ಕೆ ಅಮೆರಿಕದ ಸೇನೆ ಕರೆದೊಯ್ದ ನಾಯಿಗಳು, ಅವುಗಳಲ್ಲಿ ಬಹುಪಾಲು ಜರ್ಮನ್ ಶೆಫರ್ಡ್‌ಗಳು, ಮೂಗಿನಿಂದ ರಕ್ತ ಸುರಿಸಿ ಒಂದರ ಮೇಲೊಂದು ಸತ್ತವು. ಮೊದಲು ಕಾರಣ ತಿಳಿಯಲಿಲ್ಲ. ಅಲ್ಜೀರಿಯದಲ್ಲಿ ಮೂವತ್ತು ವರ್ಷಗಳ ಹಿಂದೆ ಕಂಡಿದ್ದ ಅದೇ ಎರ್ಲಿಕಿಯವೆಂದು ಸಂಶೋಧನೆಯಿಂದ ಕೊನೆಗೆ ಖಚಿತವಾಯಿತು. ಬಹುಕಾಲ ಈ ರೋಗದಿಂದ ಮುಕ್ತವೆನಿಸಿದ್ದ ಆಸ್ಟ್ರೇಲಿಯದಲ್ಲಿ 2020ರಲ್ಲಿ, ಪಶ್ಚಿಮ ಭಾಗದ ಕಿಂಬರ್ಲಿ ಪ್ರದೇಶದಲ್ಲಿ, ಇದು ಕಾಣಿಸಿಕೊಂಡು ಉತ್ತರ ಪ್ರಾಂತದ ಮೂಲನಿವಾಸಿಗಳ ಹಳ್ಳಿಗಳ ನಾಯಿಗಳಲ್ಲಿ ಹಬ್ಬಿ ಅನೇಕವನ್ನು ಕೊಂದಿತು. ಅಂದಮೇಲೆ ಇದು ಬಡವರ ನಾಯಿಗೋ ಬೀದಿಯ ನಾಯಿಗೋ ಮಾತ್ರ ಬರುವ ರೋಗವಲ್ಲ. ಉಣ್ಣಿ ಇರುವಲ್ಲೆಲ್ಲ ಇದಕ್ಕೆ ದಾರಿ ಉಂಟು.

ರೋಗನಿದಾನ

ಉಣ್ಣಿಯ ಒಂದೇ ಮೂತಿಯಲ್ಲಿ ಹಲವು ರೋಗಗಳು ಸಾಗಿಬರಬಲ್ಲವು. ಕಿರುಬಿಲ್ಲೆಗಳನ್ನೇ ಹೊಕ್ಕು ಕೆಡಿಸುವ ಅನಾಪ್ಲಾಸ್ಮ ಪ್ಲಾಟಿಸ್ ಎಂಬ ಮತ್ತೊಂದು ಬ್ಯಾಕ್ಟೀರಿಯಾ ಇದೆ. ಇದು ತಗಲಿದ ನಾಯಿಯಲ್ಲಿ ಕಿರುಬಿಲ್ಲೆಗಳ ಸಂಖ್ಯೆ ಒಂದೆರಡು ವಾರಗಳಿಗೊಮ್ಮೆ ಇಳಿಯುವುದು, ಏರುವುದು, ಮತ್ತೆ ಇಳಿಯುವುದು ನಡೆಯುತ್ತದೆ. ಇನ್ನೊಂದು, ಬೆಬೀಸಿಯ ಗಿಬ್ಸೋನಿ. ಇದು ಬ್ಯಾಕ್ಟೀರಿಯಾ ಅಲ್ಲ. ಮಲೇರಿಯದ ಜೀವಿಯಂತೆ ಕೆಂಪು ರಕ್ತಕಣದೊಳಗೆ ಬೆಳೆಯುವ ಏಕಕೋಶ ಪ್ರಾಣಿ. 1910ರಲ್ಲಿ ಪ್ಯಾಟನ್ ಎಂಬ ವಿಜ್ಞಾನಿ ಮದ್ರಾಸಿನ ಬೇಟೆನಾಯಿಗಳ ರಕ್ತದಲ್ಲಿಯೂ, ಅನಂತರ ನರಿಯ ರಕ್ತದಲ್ಲಿಯೂ ಇದನ್ನು ಮೊದಲಿಗೆ ವರ್ಣಿಸಿದರು. ಎರ್ಲಿಕಿಯಕ್ಕೆ ಕೊಡುವ ಮದ್ದು ಒಂದೇ ಬೆಬೀಸಿಯವನ್ನು ಗುಣಪಡಿಸಲಾರದು. ಎರಡೂ ಒಟ್ಟಿಗಿರುವುದೂ ಉಂಟು. ಆದುದರಿಂದ "ಉಣ್ಣಿಜ್ವರ, ಇಂಥ ಮಾತ್ರೆ ಕೊಡಿ" ಎಂದು ಅಂಗಡಿಯಲ್ಲಿ ಕೇಳಿ ತರುವುದು ಸಲ್ಲದು.

ಪಶುವೈದ್ಯರು ಕಿವಿಯ ಅಂಚಿನಿಂದಲೋ ರಕ್ತನಾಳದಿಂದಲೋ ಒಂದು ಹನಿ ರಕ್ತ ತೆಗೆದು, ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಕಟ್ಟಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಎರ್ಲಿಕಿಯದ ಗೊಂಚಲು ಕಂಡರೆ ರೋಗ ನಿಶ್ಚಿತ. ಆದರೆ ರೋಗವಿದ್ದರೂ ಅದು ಕಾಣದಿರುವುದೇ ಹೆಚ್ಚು. ಆಗ ಕಿರುಬಿಲ್ಲೆಗಳ ಎಣಿಕೆ, ಪ್ರತಿಕಾಯ ಪರೀಕ್ಷೆ, ಪಿ.ಸಿ.ಆರ್. ಪರೀಕ್ಷೆಗಳು ನೆರವಿಗೆ ಬರುತ್ತವೆ. ರೋಗ ವಾಸಿಯಾದ ಮೇಲೂ ಪ್ರತಿಕಾಯಗಳು ರಕ್ತದಲ್ಲಿ ತಿಂಗಳುಗಟ್ಟಲೆ ಉಳಿಯುವುದರಿಂದ, ಆ ಒಂದು ಪರೀಕ್ಷೆಯಿಂದಲೇ ತೀರ್ಮಾನಕ್ಕೆ ಬರಲಾಗದು. ಇಷ್ಟೆಲ್ಲಕ್ಕಿಂತ ವೈದ್ಯರಿಗೆ ಹೆಚ್ಚು ನೆರವಾಗುವುದು ಮನೆಯವರ ನೆನಪು. ನಾಯಿಗೆ ಉಣ್ಣಿ ಯಾವಾಗ ಹತ್ತಿತ್ತು? ಹಿಂದೆ ಎರಡು ಮೂರು ದಿನ ಊಟ ಬಿಟ್ಟಿದ್ದುಂಟೆ? ಈ ಪ್ರಶ್ನೆಗಳಿಗೆ ಉತ್ತರ ದೊರೆತರೆ ಅರ್ಧ ನಿದಾನ ಮುಗಿದಂತೆ.

ಚಿಕಿತ್ಸೆ

ಸಮಾಧಾನದ ಮಾತೆಂದರೆ, ಇದು ಮದ್ದಿಲ್ಲದ ರೋಗವಲ್ಲ. ಡಾಕ್ಸಿಸೈಕ್ಲಿನ್ ಎಂಬ ಔಷಧ ಇದಕ್ಕೆ ಸಿದ್ಧಹಸ್ತ. ಇದು ದುಬಾರಿಯೂ ಅಲ್ಲ, ಅಪರೂಪವೂ ಅಲ್ಲ. ದಿನಕ್ಕೆ ನಾಯಿಯ ತೂಕದ ಪ್ರತಿ ಕಿಲೋಗ್ರಾಮಿಗೆ 10 ಮಿಲಿಗ್ರಾಮಿನಂತೆ 28 ದಿನ ಕೊಡಬೇಕೆಂಬುದು ಪಶುವೈದ್ಯರ ಸಾಮಾನ್ಯ ನಿಯಮ. ಪ್ರಮಾಣವನ್ನು ನಿರ್ಣಯಿಸಬೇಕಾದವರು ವೈದ್ಯರೇ. ಗಬ್ಬದ ನಾಯಿ ಮತ್ತು ಎಳೆಯ ಮರಿಗಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ಖಾಲಿ ಹೊಟ್ಟೆಗೆ ಕೊಟ್ಟರೆ ವಾಂತಿಯಾಗುವುದುಂಟಾದ್ದರಿಂದ ಊಟದೊಡನೆ ಕೊಡುವುದು ಲೇಸು.

ಮೊದಲ ಅವಸ್ಥೆಯಲ್ಲಿ ಮದ್ದು ತೊಡಗಿದರೆ ಎರಡು ಮೂರು ದಿನಗಳಲ್ಲಿಯೇ ನಾಯಿ ಚೇತರಿಸಿಕೊಳ್ಳುತ್ತದೆ. ಈ ಬೇಗನೆಯ ಗುಣವೇ ಒಂದು ಬಲೆ. ಐದನೆಯ ದಿನ ನಾಯಿ ಕುಣಿದಾಡುವುದನ್ನು ಕಂಡು ಮಾತ್ರೆಯನ್ನು ನಿಲ್ಲಿಸಿದರೆ, ಉಳಿದ ರೋಗಾಣು ಮೌನದ ಅವಸ್ಥೆಗೆ ಇಳಿಯುತ್ತದೆ. 28 ದಿನವೆಂದರೆ 28 ದಿನವೇ. ರಕ್ತ ಬಹಳ ಕುಂದಿದಾಗ ಮತ್ತೊಂದು ನಾಯಿಯ ರಕ್ತವನ್ನು ಕೊಡುವುದೂ ಉಂಟು.

ಮಾಡಬಾರದ ಒಂದು ಕೆಲಸವನ್ನು ಇಲ್ಲಿ ಒತ್ತಿ ಹೇಳಬೇಕು. ಜ್ವರವಿದೆಯೆಂದು ಮನುಷ್ಯರಿಗೆ ಕೊಡುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ಮೊದಲಾದ ನೋವಿನ ಮಾತ್ರೆಗಳನ್ನು ನಾಯಿಗೆ ಹಾಕಬಾರದು. ಅವು ಆರೋಗ್ಯವಂತ ನಾಯಿಯ ಜಠರದಲ್ಲಿಯೂ ಹುಣ್ಣು ಮಾಡಿ ರಕ್ತ ಹರಿಸಬಲ್ಲವು. ಕಿರುಬಿಲ್ಲೆ ಕುಂದಿದ ನಾಯಿಗಂತೂ ಅವು ಮರಣಶಾಸನ. ಒಮ್ಮೆ ಗುಣವಾದ ನಾಯಿಗೆ ಮತ್ತೆ ಈ ರೋಗ ಬರುವುದಿಲ್ಲವೆಂಬ ನಂಬಿಕೆಯೂ ತಪ್ಪು. ಬೇನೆಯಿಂದ ಎದ್ದ ನಾಯಿಯನ್ನು ಅದೇ ಉಣ್ಣಿ ತುಂಬಿದ ಗೋಡೆಯ ಬುಡದಲ್ಲಿ ಕಟ್ಟಿದರೆ ಅದು ಮತ್ತೊಮ್ಮೆ ಬೀಳುತ್ತದೆ. ಈ ರೋಗಕ್ಕೆ ಲಸಿಕೆ ಇನ್ನೂ ಬಳಕೆಗೆ ಬಂದಿಲ್ಲ.

ಮಂಗನ ಕಾಯಿಲೆಯೊಡನೆ ಗೊಂದಲ ಬೇಡ

ಬೆಳ್ತಂಗಡಿ ತಾಲೂಕಿನ ಹಿರಿಯರ ಎದುರು ಉಣ್ಣಿಯ ಜ್ವರವೆಂದರೆ ಅವರಿಗೆ ನೆನಪಾಗುವುದು ಬೇರೊಂದು ಸಂಕಟ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಸುತ್ತ ಮಂಗಗಳೂ ಮನುಷ್ಯರೂ ಸತ್ತಾಗ ಮೊದಲು ಗುರುತಿಸಲಾದ ಮಂಗನ ಕಾಯಿಲೆಯು 1982-83ರಲ್ಲಿ ಬೆಳ್ತಂಗಡಿ ತಾಲೂಕಿನ ಕಾಡಂಚಿನ ಊರುಗಳಲ್ಲಿ ಹಬ್ಬಿ ನೂರಾರು ಜನರನ್ನು ಹಾಸಿಗೆಗೆ ಕೆಡವಿತು; ಸಾವುಗಳೂ ಸಂಭವಿಸಿದವು. ಅದನ್ನು ಕಂಡವರು ನಾಯಿಯ ಮೈಮೇಲಿನ ಉಣ್ಣಿಯನ್ನು ನೋಡಿ ಭಯಪಡುವುದು ಸಹಜವೇ. ಆದರೆ ಭಯವು ನಾಯಿಯನ್ನು ಮನೆಯಿಂದ ಅಟ್ಟುವುದಕ್ಕೆ ಕಾರಣವಾಗಬಾರದು. ಎರಡರ ಭೇದವನ್ನು ತಿಳಿದಿರುವುದು ಒಳ್ಳೆಯದು.

ಮಂಗನ ಕಾಯಿಲೆಯನ್ನು ತರುವುದು ವೈರಸ್. ಅದನ್ನು ಮುಖ್ಯವಾಗಿ ಹರಡುವುದು ಕಾಡಿನ ತರಗೆಲೆಯಲ್ಲಿ ವಾಸಿಸುವ ಹೀಮಫೈಸಾಲಿಸ್ ಸ್ಪಿನಿಜೆರ ಎಂಬ ಉಣ್ಣಿಯ ಎಳೆಯ ಹಂತ. ಅದರ ಕಾಲ ಸಾಮಾನ್ಯವಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ. ಬ್ಯಾಕ್ಟೀರಿಯಾವನ್ನು ಕೊಲ್ಲುವ ಔಷಧಗಳು ವೈರಸ್ಸಿನ ಮುಂದೆ ನಡೆಯುವುದಿಲ್ಲ. ನಾಯಿಯ ಎರ್ಲಿಕಿಯವಾದರೋ ಬ್ಯಾಕ್ಟೀರಿಯಾ, ಅದರ ವಾಹಕ ಮನೆಯಂಗಳದ ಕಂದು ಉಣ್ಣಿ, ವರ್ಷವಿಡೀ ಅದರ ಕಾಲವೇ, ಮದ್ದಿಗೆ ಬಗ್ಗುವಂಥದು. ನಾಯಿಯನ್ನು ಮುಟ್ಟಿದುದರಿಂದ, ಅದರ ಜೊಲ್ಲು ತಾಗಿದುದರಿಂದ ಇದು ಮನುಷ್ಯನಿಗೆ ಅಂಟುವುದಿಲ್ಲ.

ಹಾಗೆಂದು ಕಂದು ಉಣ್ಣಿ ಮನುಷ್ಯನಿಗೆ ತೀರ ನಿರಪಾಯಿಯೂ ಅಲ್ಲ. ಹಸಿವಾದಾಗ ಅದು ಮನುಷ್ಯನನ್ನೂ ಕಚ್ಚುತ್ತದೆ. ರಿಕೆಟ್ಸಿಯ ಎಂಬ ಮತ್ತೊಂದು ಗುಂಪಿನ ಬ್ಯಾಕ್ಟೀರಿಯಾದಿಂದ ಬರುವ ಇಂಡಿಯನ್ ಟಿಕ್ ಟೈಫಸ್ ಎಂಬ ಜ್ವರವನ್ನು ಅದು ಮನುಷ್ಯರಿಗೆ ತಗಲಿಸಬಲ್ಲದು. ವಿಪರೀತ ಜ್ವರ, ತಲೆನೋವು, ಅಂಗೈ ಅಂಗಾಲುಗಳಲ್ಲಿಯೂ ಏಳುವ ಗಂಧೆ ಇದರ ಲಕ್ಷಣಗಳು. ಆದುದರಿಂದ ಜ್ವರ ಬಂದವರು ಉಣ್ಣಿ ಕಚ್ಚಿದ್ದುಂಟಾದರೆ ವೈದ್ಯರಿಗೆ ಅದನ್ನು ಮರೆಯದೆ ಹೇಳಬೇಕು. ಕಾಡಿನಲ್ಲಿ ಮಂಗ ಸತ್ತುಬಿದ್ದಿದ್ದರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಬೇಕು.

ಮುನ್ನೆಚ್ಚರಿಕೆ

ಉಣ್ಣಿಯ ನಿವಾರಣೆಗೆ ಎರಡು ಕೈ ಬೇಕು. ಒಂದು ಕೈ ನಾಯಿಯ ಮೈಮೇಲೆ, ಮತ್ತೊಂದು ಗೋಡೆಯ ಮೇಲೆ. ಬಹುಮಂದಿ ಮೊದಲನೆಯದನ್ನು ಮಾತ್ರ ಮಾಡಿ ಸೋಲುತ್ತಾರೆ.

ನಾಯಿಯ ಮೈಯನ್ನು ದಿನವೂ ತಡವಿ ನೋಡಬೇಕು. ಕಿವಿಯ ಒಳಗೆ, ಕುತ್ತಿಗೆಯ ಪಟ್ಟಿಯ ಕೆಳಗೆ, ಕಾಲ್ಬೆರಳುಗಳ ಸಂದಿಯಲ್ಲಿ, ಬಾಲದ ಬುಡದಲ್ಲಿ ಉಣ್ಣಿ ಸೇರಿಕೊಂಡಿರುತ್ತದೆ. ಕಂಡ ಉಣ್ಣಿಯನ್ನು ಚಿಮುಟದಿಂದ ಚರ್ಮದ ಹತ್ತಿರವೇ ಹಿಡಿದು ನೆಟ್ಟಗೆ, ನಿಧಾನವಾಗಿ ಎಳೆಯಬೇಕು. ಉಗುರಿನಿಂದ ಹಿಸುಕುವುದು, ಬೆಂಕಿಕಡ್ಡಿಯಿಂದ ಸುಡುವುದು, ಕಿತ್ತು ಅಂಗಳಕ್ಕೆ ಎಸೆಯುವುದು ಸರಿಯಲ್ಲ. ಸೀಸೆಯೊಂದರಲ್ಲಿ ಸ್ಪಿರಿಟ್ ಇಟ್ಟುಕೊಂಡು ಅದರಲ್ಲಿ ಹಾಕಬೇಕು.

ನಾಯಿಯ ಬೆನ್ನಿಗೆ ಹಚ್ಚುವ ದ್ರವ, ಕೊರಳಿಗೆ ಕಟ್ಟುವ ಔಷಧದ ಪಟ್ಟಿ, ಈಚಿನ ವರ್ಷಗಳಲ್ಲಿ ಬಂದಿರುವ ತಿನ್ನಿಸುವ ಮಾತ್ರೆ ಮೊದಲಾದ ಉತ್ತಮ ಸಾಧನಗಳು ದೊರೆಯುತ್ತವೆ. ಯಾವುದು ತಕ್ಕುದೆಂಬುದನ್ನು ಪಶುವೈದ್ಯರಿಂದ ಕೇಳಿ ತಿಳಿಯಬೇಕು. ಸೀಮೆಎಣ್ಣೆ, ಸುಟ್ಟ ಎಂಜಿನ್ ಎಣ್ಣೆ, ಹೊಗೆಸೊಪ್ಪಿನ ಕಷಾಯಗಳನ್ನು ಬಳಿಯುವ ಪದ್ಧತಿ ಹಳ್ಳಿಗಳಲ್ಲಿ ಉಂಟು. ಇವು ಚರ್ಮವನ್ನು ಸುಡುತ್ತವೆ. ನಾಯಿ ಮೈ ನೆಕ್ಕಿದಾಗ ವಿಷವಾಗಿ ಪರಿಣಮಿಸುತ್ತವೆ. ದನಕ್ಕೆಂದು ತಂದ ಉಣ್ಣಿಮದ್ದನ್ನು ಅಳತೆಯಿಲ್ಲದೆ ನಾಯಿಗೆ ಸುರಿಯುವುದೂ ಅಪಾಯವೇ. ನಾಯಿಗೆ ಹಚ್ಚುವ ಪರ್ಮೆಥ್ರಿನ್ ಎಂಬ ಔಷಧ ಬೆಕ್ಕಿಗೆ ಘೋರ ವಿಷವೆಂಬುದನ್ನೂ ಮರೆಯಬಾರದು.

ಇನ್ನು ಗೋಡೆಯ ಕೆಲಸ. ನಾಯಿ ಮಲಗುವ ಸ್ಥಳದ ಮುರಕಲ್ಲಿನ ಗೋಡೆಯನ್ನು ನೆಲದಿಂದ ಆಳೆತ್ತರದವರೆಗಾದರೂ ಗಾರೆ ಮಾಡಿ ಬಿರುಕುಗಳನ್ನು ಮುಚ್ಚಬೇಕು. ಹಾಸಿದ ಗೋಣಿಯನ್ನು ವಾರಕ್ಕೊಮ್ಮೆ ಕುದಿಯುವ ನೀರಿನಲ್ಲಿ ಅದ್ದಬೇಕು, ಹಳೆಯದನ್ನು ಸುಡಬೇಕು. ಸೌದೆ, ಮಡಲು, ಅಡಿಕೆ ಸಿಪ್ಪೆಗಳ ರಾಶಿಯನ್ನು ನಾಯಿಯ ನೆಲೆಯಿಂದ ದೂರವಿಡಬೇಕು. ಗೋಡೆಗೆ ಉಣ್ಣಿನಾಶಕವನ್ನು ಸಿಂಪಡಿಸಿದರೆ ಅದನ್ನು ಕೆಲವು ವಾರಗಳ ಅಂತರದಲ್ಲಿ ಮತ್ತೆ ಮಾಡಬೇಕು. ಮೊದಲ ಸಿಂಪಡಣೆಯಲ್ಲಿ ಮೊಟ್ಟೆಗಳು ಉಳಿದುಕೊಂಡಿರುತ್ತವೆ. ಹೊರಗಿನಿಂದ ಹೊಸ ನಾಯಿಯನ್ನು ತಂದಾಗ ಉಣ್ಣಿಯನ್ನು ತೆಗೆದ ಮೇಲೆಯೇ ಅಂಗಳಕ್ಕೆ ಬಿಡಬೇಕು.

ಈ ಸಂಚಿಕೆಯನ್ನು ಓದುವ ವಿದ್ಯಾರ್ಥಿಗಳಿಗೆ ಕೊನೆಯದಾಗಿ ಒಂದು ಕೆಲಸವನ್ನು ಒಪ್ಪಿಸಬಹುದು. ಮನೆಯ ಗೋಡೆಯ ಮೇಲೆ ಕ್ಯಾಲೆಂಡರ್ ಇದ್ದೇ ಇರುತ್ತದೆ. ನಾಯಿಯ ಮೈಮೇಲೆ ಉಣ್ಣಿ ಕಂಡ ದಿನಕ್ಕೆ ಒಂದು ಗುರುತು ಹಾಕಿರಿ. ಅದು ಊಟ ಬಿಟ್ಟ ದಿನಕ್ಕೆ ಮತ್ತೊಂದು ಗುರುತು. ಉಣ್ಣಿಯ ಗುರುತು ಬಿದ್ದ ಒಂದು ತಿಂಗಳೊಳಗೆ ಊಟ ಬಿಟ್ಟ ಗುರುತು ಬಿದ್ದರೆ, ನಾಯಿ ಮರುದಿನ ಎದ್ದು ಓಡಾಡಿದರೂ ಸರಿಯೇ, ಅದನ್ನು ಪಶುವೈದ್ಯ ಆಸ್ಪತ್ರೆಗೆ ಕರೆದೊಯ್ಯಲು ಹಿರಿಯರಿಗೆ ಹೇಳಿರಿ. ಆ ಸಮಯದಲ್ಲಿ ಕೊಟ್ಟ ಮಾತ್ರೆಯ ಬೆಲೆ ಅಲ್ಪ, ಫಲ ದೊಡ್ಡದು. ಮೂಗಿನಲ್ಲಿ ರಕ್ತ ಕಂಡ ಮೇಲೆ ಹೊರಟರೆ ಬೆಲೆ ದೊಡ್ಡದು, ಫಲ ಅಲ್ಪ. ಮಾತು ಬಾರದ ಜೀವವು ತನ್ನ ಬೇನೆಯ ದಿನಗಳನ್ನು ಎಣಿಸಿ ಹೇಳಲಾರದು. ಅದರ ಪರವಾಗಿ ಎಣಿಸಿಡುವ ಹೊಣೆ, ಅದು ಕಾಯುವ ಮನೆಯಲ್ಲಿ ನಿಶ್ಚಿಂತೆಯಿಂದ ನಿದ್ದೆ ಮಾಡುವ ನಮ್ಮದು.